ಹಳೇ ಚಾರ್ಟ್ ಹಿಡಿದು ಕಾರವಾರಕ್ಕೆ ಹೊರಟ ತಮ್ಮನಿಗೆ

ತಮ್ಮಾ, ನೀನು ಹಾಕಿದ ಫೋಟೋ ನೋಡಿದೆ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಚಾರ್ಟು, ಅಂದರೆ ಸಮುದ್ರದ ನಕ್ಷೆ, ಅದರಲ್ಲಿ ಕೆಂಪು ಬೋಯ್ (ದಾರಿ ತೋರಿಸಲು ನೀರಲ್ಲಿ ತೇಲಿಬಿಟ್ಟ ಗುರುತು) ಹಿಡಿದು ಗೆರೆ ಎಳೆದು "ಶನಿವಾರ ಸಂಜೆ ಇದೇ ದಾರಿ" ಅಂತ ಬರೆದಿದ್ದೀಯ. ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಮೊದಲು ಇದನ್ನು ಓದು. ನಾನೂ ಹೀಗೇ ಮಾಡಿದ್ದೆ.

ನನ್ನ ಹತ್ತಿರ ಇದ್ದದ್ದು ಜೆರಾಕ್ಸ್. ಎಡಗಡೆಯ ಕೆಳಮೂಲೆ ಅದರಲ್ಲಿ ಬಂದೇ ಇರಲಿಲ್ಲ, ನಾನೂ ಅದರ ಕಡೆ ಗಮನ ಕೊಟ್ಟಿರಲಿಲ್ಲ. ಗೆಳೆಯನ ಫೈಬರ್ ದೋಣಿ, ಕತ್ತಲಾಗುತ್ತಿತ್ತು, ಬೋಯ್ ಇರಬೇಕಾದ ಕಡೆ ಒಂದು ಕೆಂಪು ದೀಪ ಮಿಣುಕಿತು. ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಅಂತ ಎಣಿಸಲಿಲ್ಲ. ಅದೇ ಬೋಯ್ ಅಂದುಕೊಂಡು ದೋಣಿ ಬಿಟ್ಟೆವು. ಸ್ವಲ್ಪ ಹೊತ್ತಿಗೆ ತಳ ಗರ್ ಅಂತ ಮರಳು ಕೆರೆಯಿತು, ಪ್ರೊಪೆಲ್ಲರ್ ಪಿನ್ ತುಂಡಾಯಿತು. ಕೈ ಇಳಿಬಿಟ್ಟರೆ ಬೆರಳಿಗೆ ಮರಳು ಸಿಗುತ್ತಿತ್ತು. ಭರತ ಏರುವ ತನಕ ಎರಡು ತಾಸು ಅಲ್ಲೇ ಕೂತಿದ್ದೆವು. ಬೋಯ್ ಯಾವಾಗಲೋ ಬೇರೆ ಕಡೆ ಹೋಗಿತ್ತು. ನಾವು ನಂಬಿದ್ದು ದಡದ ಮೇಲಿನ ಟವರ್ ದೀಪ!

ಅಳಿವೆಯಲ್ಲಿ ಮರಳು ಸರಿದರೆ ಬೋಯ್ ಸರಿಸುತ್ತಾರೆ. ಲೈಟ್‌ಹೌಸಿನಲ್ಲಿ ಹಳೇ ಬಲ್ಬು ತೆಗೆದು ಎಲ್‌ಇಡಿ ಹಾಕಿದರೆ ದೀಪ ಕಾಣುವ ದೂರ ಬದಲಾಗಬಹುದು, ಕೆಲವು ಸಲ ಮಿನುಗುವ ಲೆಕ್ಕವೂ. ಇದೆಲ್ಲ ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನವರು 15 ದಿನಕ್ಕೊಮ್ಮೆ ಹಾಕುವ ನೋಟಿಸ್ ಟು ಮ್ಯಾರಿನರ್ಸ್‌ನಲ್ಲಿ, ಅಂದರೆ ಚಾರ್ಟಿನ ತಿದ್ದುಪಡಿಗಳ ಪ್ರಕಟಣೆಯಲ್ಲಿ, ಬರುತ್ತದೆ. ಪುಕ್ಕಟೆ ಸಿಗುತ್ತದೆ, ಆದರೂ ಯಾರೂ ತೆಗೆದು ನೋಡುವುದಿಲ್ಲ.

ಅದಕ್ಕೇ ಎಡಗಡೆಯ ಕೆಳಮೂಲೆ ಮುಖ್ಯ. ಹಾಕಿದ ಪ್ರತಿ ತಿದ್ದುಪಡಿಯ ವರ್ಷ, ನಂಬರ್ ಅಲ್ಲಿರಬೇಕು. ಹೊಸ ನೋಟಿಸಿನಲ್ಲಿ ಆ ಚಾರ್ಟಿನ ಹಿಂದಿನ ತಿದ್ದುಪಡಿ ನಂಬರನ್ನೂ ಕೊಟ್ಟಿರುತ್ತಾರೆ. ಅದು ನಿನ್ನ ಮೂಲೆಯಲ್ಲಿ ಇಲ್ಲ ಅಂದರೆ ನಡುವೆ ಒಂದು ಬಿಟ್ಟುಹೋಗಿದೆ. ಮೊದಲು ಅದನ್ನು ಹುಡುಕು, ಆಮೇಲೆ ಹೊಸದು. ಹಿಂದಿನಿಂದ ಒಂದೊಂದೇ ಹಾಕುತ್ತ ಬಾ, ಬೇಜಾರಾದರೂ ಹಾರಿಸಬೇಡ. ಕಾಯಂ ಬದಲಾವಣೆಗೆ ನೇರಳೆ ಶಾಯಿ. ತಾತ್ಕಾಲಿಕ ಮತ್ತು ಮುಂಚಿತ ನೋಟಿಸಿಗೆ ಪೆನ್ಸಿಲ್ ಮಾತ್ರ, ನಾಳೆ ರದ್ದಾದರೆ ಅಳಿಸಬೇಕಲ್ವಾ. ಹಳೇ ಗುರುತನ್ನು ಬ್ಲೇಡಿನಿಂದ ಕೆರೆಯಬೇಡ, ಅಡ್ಡಗೆರೆ ಹಾಕಿ ಪಕ್ಕದಲ್ಲಿ ಬರಿ. ರಾಟ್ರಿಂಗ್ 0.25 ಪೆನ್ನು ದುಬಾರಿ, ಆದರೆ ಆ ಸಣ್ಣ ಜಾಗದಲ್ಲಿ ಬರೆಯಲು ನನಗೆ ಅದೇ ಬೇಕು. ಜೆಲ್ ಪೆನ್ ಒದ್ದೆ ಕೈಗೆ ಹರಡುತ್ತದೆ, ಬೇಡವೇ ಬೇಡ.

ಚಾರ್ಟು ಯಾಕೆ, ಮೊಬೈಲ್ ಇದೆ ಅಂತ ಯಾರೋ ನಿನ್ನ ಫೋಟೋ ಕೆಳಗೆ ಬರೆದಿದ್ದಾರೆ. ಚಾರ್ಟು ತೋರಿಸುವ ಓಪನ್‌ಸಿಪಿಎನ್ ಆ್ಯಪ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದರೊಳಗೆ ಹಾಕಿದ ಚಾರ್ಟು ಹಳೆಯದಾದರೆ ತೋರಿಸುವುದೂ ಹಳೆಯದೇ. ಇನ್ನೊಂದು, ಹಳೇ ಕಾಗದದ ಚಾರ್ಟು ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಅಕ್ಷಾಂಶ–ರೇಖಾಂಶದ ಪದ್ಧತಿ) ಲೆಕ್ಕದ್ದಲ್ಲದಿದ್ದರೆ ಜಿಪಿಎಸ್ ಅಂಕಿ ನೇರ ಗುರುತಿಸಬೇಡ, ಎಷ್ಟು ಸರಿಸಬೇಕು ಅಂತ ಸಾಮಾನ್ಯವಾಗಿ ಚಾರ್ಟಿನ ಮೇಲೇ ಬರೆದಿರುತ್ತಾರೆ. ಲೈಟ್ಸ್ ಪಟ್ಟಿಯಲ್ಲಿ (ಕರಾವಳಿ ದೀಪಗಳ ವಿವರ ಇರುವ ಪುಸ್ತಕ) ಕೊಡುವ ಸೆಕ್ಟರ್ ಡಿಗ್ರಿಗಳು, ಅಂದರೆ ದೀಪ ಯಾವ ದಿಕ್ಕಿನಿಂದ ಯಾವ ಬಣ್ಣ ಕಾಣುತ್ತದೆ ಅನ್ನುವ ಅಂಕಿಗಳು, ಸಮುದ್ರದಿಂದ ದೀಪದ ಕಡೆ ನೋಡಿದ ಲೆಕ್ಕ, ದೀಪದಿಂದ ಹೊರಗೆ ನೋಡಿದ್ದಲ್ಲ. ಇದರಲ್ಲಿ ತುಂಬ ಜನ ಎಡವುತ್ತಾರೆ.

ನೀನು ಲಿಂಕ್ ಹಾಕಿದ ವಿಡಿಯೋ ಅಮೆರಿಕದ್ದು. ಅಲ್ಲಿ ಬಂದರಿನ ಒಳಗೆ ಬರುವಾಗ ಕೆಂಪು ಬಲಕ್ಕೆ. ನಮ್ಮಲ್ಲಿ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಆ ವಿಡಿಯೋ ನೋಡಿ ದೋಣಿ ನಡೆಸಬೇಡ! ನೀಲಿ–ಹಳದಿ ಉದ್ದ ಪಟ್ಟೆಯ ಬೋಯ್ ಕಂಡರೆ ಅಲ್ಲಿ ಹೊಸದಾಗಿ ಹಡಗು ಮುಳುಗಿದೆ, ದೂರ ಸರಿ. ಸರಿಯಾದ ಬೋಯ್ ಕೂಡ ಸರಪಳಿಯ ಉದ್ದಕ್ಕೆ ತಿರುಗುತ್ತಿರುತ್ತದೆ, ಮಳೆಗಾಲದ ಅಲೆಗೆ ಕಿತ್ತು ಹೋಗುವುದೂ ಉಂಟು. ಅದಕ್ಕೆ ಅದೊಂದನ್ನೇ ನೆಚ್ಚಿ ನಿನ್ನ ಜಾಗ ಗುರುತಿಸಬೇಡ, ದಡದ ಮೇಲಿನ ಎರಡು ಗಟ್ಟಿ ಗುರುತು ಹಿಡಿ.

ದೀಪ ಕಂಡ ಕೂಡಲೇ ಸ್ಟಾಪ್‌ವಾಚ್ ಒತ್ತು, ಮೂರು ಸುತ್ತು ಎಣಿಸು. ವಾಚಿಲ್ಲದಿದ್ದರೆ "ಸಾವಿರದ ಒಂದು, ಸಾವಿರದ ಎರಡು" ಅಂತ ಬಾಯಲ್ಲಿ ಎಣಿಸು. ಚಾರ್ಟಿನಲ್ಲಿ ಬರೆದ ಲೆಕ್ಕಕ್ಕೆ ಹೊಂದದಿದ್ದರೆ ದೋಣಿ ನಿಧಾನ ಮಾಡು.

ಈಗ ಮೊದಲು ಆ ಎಡಮೂಲೆಯ ಫೋಟೋ ಹತ್ತಿರದಿಂದ ತೆಗೆದು ಹಾಕು. ಕೊನೆಯ ನಂಬರ್ ನೋಡಿ ಎಷ್ಟು ನೋಟಿಸ್ ಬಾಕಿ ಇದೆ ಅಂತ ಇವತ್ತು ರಾತ್ರಿಯೇ ಹೇಳುತ್ತೇನೆ.