ನೇಯ್ದದ್ದಲ್ಲ, ಹೊಲಿದದ್ದು

ಧಾರವಾಡದಿಂದ ಒಂದು ಪತ್ರ ಬಂದಿದೆ. ಬರೆದವರು 30 ವರ್ಷದಿಂದ ಕಸೂತಿ ಹಾಕುತ್ತ, ಹೆಣ್ಣುಮಕ್ಕಳಿಗೆ ಕಲಿಸುತ್ತ ಬಂದವರು. ಹಿಂದಿನ ಸಂಚಿಕೆಯಲ್ಲಿ ನಾವು ಹಾಕಿದ್ದ, 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆ ಹೇಳುವ, ಫ್ರಾನ್ಸಿನ ಬಾಯೋ ಪಟ್ಟಣದ ಚಿತ್ರಪಟದ ಲೇಖನ ಓದಿ ಅವರಿಗೆ ಸಿಟ್ಟು ಬಂದಿದೆ. 'ಫೋಟೋದಲ್ಲಿ ಸೂಜಿ ಕೆಲಸ ಕಣ್ಣಿಗೆ ಹೊಡೆದು ಕಾಣುತ್ತಿದೆ, ನೀವು ಕೆಳಗೆ ನೇಯ್ದ ಪರದೆ ಅಂತ ಬರೆದಿದ್ದೀರಿ. ವಿಲಿಯಂ ರಾಜನ ರಾಣಿ ತಾನೇ ಕೂತು ಮಾಡಿದಳು ಅಂತಲೂ ಬರೆದಿದ್ದೀರಿ, 70 ಮೀಟರ್ ಅರಿವೆ ಒಬ್ಬ ರಾಣಿ ಹಾಕುತ್ತಾಳಾ? ನಮ್ಮ ಲಕ್ಕುಂಡಿಯೂ ಅದೇ ಶತಮಾನದ್ದು, ಅದನ್ನ ಬಿಟ್ಟು ಪರದೇಶದ ಬಟ್ಟೆಗೆ ಆರು ಪುಟ ಯಾಕೆ?' ಇಷ್ಟು ಪತ್ರದ ಸಾರ. ಕೊನೆಯಲ್ಲಿ ಮಾತ್ರ, ಆ ಹೊಲಿಗೆ ಹಾಕುವುದು ಹೇಗೆ ಅಂತ ಗೊತ್ತಿದ್ದರೆ ತಿಳಿಸಿ ಅಂತ ಕೇಳಿದ್ದಾರೆ. ಬೈಗುಳದ ಪತ್ರ ಹೀಗೆ ಮುಗಿದರೆ ಸಂಪಾದಕನಿಗೆ ಹೋದ ಜೀವ ಬಂದ ಹಾಗೆ.

ಅಕ್ಕಾವ್ರೇ, ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಅದು ನೇಯ್ದದ್ದಲ್ಲ. ಟ್ಯಾಪೆಸ್ಟ್ರಿ ಅಂದರೆ ಮಗ್ಗದ ಮೇಲೆ ಬಣ್ಣದ ಹೊಕ್ಕಿನಿಂದಲೇ ಚಿತ್ರ ಎತ್ತುವ ನೇಯ್ಗೆ. ಬಾಯೋದಲ್ಲಿರುವುದು ನೇಯ್ದು ಮುಗಿದ ಬಿಳಿ ಬಟ್ಟೆಯ ಮೇಲೆ ಉಣ್ಣೆ ದಾರದಿಂದ ಹಾಕಿದ ಹೊಲಿಗೆ. ಅಂದರೆ ಕಸೂತಿ, ಅಷ್ಟೇ. ಜಗತ್ತೆಲ್ಲ ಅದನ್ನು ಬಾಯೋ ಟ್ಯಾಪೆಸ್ಟ್ರಿ ಅಂತಲೇ ಕರೆಯುತ್ತದೆ, ನಮ್ಮ ಕಚೇರಿಯಲ್ಲಿ ಆ ಪದವನ್ನು ಕನ್ನಡಕ್ಕೆ ತಿರುಗಿಸಿದವರು ಚಿತ್ರ ನೋಡಲಿಲ್ಲ, ಕೊನೇ ಸಲ ಓದಿದ ನಾನೂ ನೋಡಲಿಲ್ಲ. ನೀವು ನೋಡಿದಿರಿ.

ಬಟ್ಟೆ ಅಗಸೆ ನಾರಿನದು. ನಿಮ್ಮ ಕಡೆ ಚಟ್ನಿಪುಡಿ ಮಾಡುತ್ತೀರಲ್ಲ, ಅದೇ ಅಗಸಿ ಗಿಡದ ಕಾಂಡದಿಂದ ತೆಗೆದ ನಾರು. ಒಟ್ಟು ಉದ್ದ ಹತ್ತಿರ ಹತ್ತಿರ 70 ಮೀಟರ್, ಅಗಲ ಬರೀ ಅರ್ಧ ಮೀಟರ್. ಒಂಬತ್ತು ತುಂಡುಗಳನ್ನು ಜೋಡಿಸಿ ಹೊಲಿದಿದ್ದಾರೆ. ಮೊದಲ ಜೋಡಣೆ ಇರುವ ಕಡೆ ಮೇಲಿನ ಅಂಚಿನ ಪಟ್ಟಿ ಒಂದಕ್ಕೊಂದು ಸರಿಯಾಗಿ ಕೂಡಿಲ್ಲ, ಮುಂದಿನ ಜೋಡಣೆಗಳಲ್ಲಿ ಆ ತಪ್ಪು ಕಾಣುವುದಿಲ್ಲ. ಒಂದು ಸಲ ಎಡವಿ, ಆಮೇಲೆ ಹುಷಾರಾಗಿದ್ದಾರೆ. ನನಗೆ ಇಡೀ ಪಟದಲ್ಲಿ ಇಷ್ಟವಾದ ಜಾಗಗಳಲ್ಲಿ ಅದೂ ಒಂದು.

ಇನ್ನು ರಾಣಿ ವಿಷಯ. ವಿಲಿಯಂನ ಹೆಂಡತಿ ಮಟಿಲ್ಡಾ ಇದನ್ನು ಮಾಡಿದಳು ಅನ್ನುವುದು ಕಟ್ಟುಕಥೆ. ಫ್ರಾನ್ಸಿನಲ್ಲಿ ಇವತ್ತಿಗೂ ಕೆಲವರು ಅದನ್ನು ರಾಣಿ ಮಟಿಲ್ಡಾಳ ಪಟ ಅಂತಲೇ ಕರೆಯುತ್ತಾರೆ. ಆದರೆ ಅಷ್ಟುದ್ದದ ಪಟದಲ್ಲಿ ಅವಳ ಹೆಸರೂ ಇಲ್ಲ, ಮುಖವೂ ಇಲ್ಲ. ಪದೇ ಪದೇ ಕಾಣಿಸುವವನು ಓಡೋ. ವಿಲಿಯಂನ ತಾಯಿಯ ಇನ್ನೊಂದು ಮದುವೆಯ ಮಗ, ಬಾಯೋದ ಬಿಷಪ್. ಯುದ್ಧಕ್ಕೆ ಮುಂಚಿನ ಊಟದಲ್ಲಿ ಅವನೇ ನಡುವೆ ಕೂತು ಆಶೀರ್ವಾದ ಮಾಡುತ್ತಾನೆ, ಯುದ್ಧದ ನಡುವೆ ದೊಣ್ಣೆ ಹಿಡಿದು ಕುದುರೆ ಮೇಲೆ ಬಂದು ಹುಡುಗರಿಗೆ ಧೈರ್ಯ ತುಂಬುತ್ತಾನೆ. ಇನ್ನೂ ಮಜಾ ಏನೆಂದರೆ, ವಾಡಾರ್ಡ್ ಮತ್ತು ವೈಟಲ್ ಅಂತ ಇಬ್ಬರು ಸಣ್ಣ ಸವಾರರ ಚಿತ್ರದ ಪಕ್ಕ ಅವರ ಹೆಸರು ಹೊಲಿದಿದ್ದಾರೆ. ರಾಜರ ಕಥೆಯಲ್ಲಿ ಇವರು ಯಾರು? ಹುಡುಕಿದರೆ, 1086ರಲ್ಲಿ ವಿಲಿಯಂ ಇಂಗ್ಲೆಂಡಿನ ಹೊಲ, ಗಿರಣಿ, ಎತ್ತುಗಳನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ ಡೂಮ್ಸ್‌ಡೇ ಕಡತದಲ್ಲಿ, ಇಡೀ ದೇಶದ ಪಹಣಿ ಅನ್ನಿ ಬೇಕಾದರೆ, ಈ ಇಬ್ಬರೂ ಓಡೋನ ಕೈಕೆಳಗೆ ಜಮೀನು ಹಿಡಿದವರಾಗಿ ಸಿಗುತ್ತಾರೆ. ಆದ್ದರಿಂದ ದುಡ್ಡು ಕೊಟ್ಟು ಮಾಡಿಸಿದವನು ಓಡೋ ಅಂತ ಹೆಚ್ಚಿನವರು ಒಪ್ಪುತ್ತಾರೆ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸುವ ಊರಿನವರಾದ ನಮಗೆ ಇದು ತಕ್ಷಣ ಅರ್ಥವಾಗುತ್ತದೆ, ಅಲ್ವಾ.

ಹೊಲಿದವರು ಯಾರು? ಅವರ ಹೆಸರು ಪಟದಲ್ಲಿಲ್ಲ. ಕೆಲಸ ನಡೆದದ್ದು ಇಂಗ್ಲೆಂಡಿನಲ್ಲಿ, ಬಹುಶಃ ಕ್ಯಾಂಟರ್ಬರಿಯಲ್ಲಿ. ಅಲ್ಲಿನ ಮಠದ ಹಸ್ತಪ್ರತಿಗಳ ಚಿತ್ರಗಳಿಗೂ ಈ ಪಟದ ಚಿತ್ರಗಳಿಗೂ ಹೋಲಿಕೆ ಇದೆ. ಓಡೋ ಆಗ ಕೆಂಟ್ ಪ್ರಾಂತ್ಯದ ಒಡೆಯ, ಕ್ಯಾಂಟರ್ಬರಿ ಅವನ ಮನೆಯಂಗಳ ಇದ್ದ ಹಾಗೆ. ಇಂಗ್ಲೆಂಡಿನ ಹೆಂಗಸರ ಸೂಜಿ ಕೆಲಸವನ್ನು ಗೆದ್ದ ಕಡೆಯ ಚರಿತ್ರೆಕಾರನೇ ಹೊಗಳಿ ಬರೆದಿದ್ದಾನೆ. ನಿಮಗೆ ಇಷ್ಟವಾಗುವ ಸಂಗತಿ ಒಂದಿದೆ. ಅದೇ ಡೂಮ್ಸ್‌ಡೇ ಕಡತದಲ್ಲಿ ಆಲ್ಫ್‌ಗಿತ್ ಅಂತ ಒಬ್ಬಳು ಬರುತ್ತಾಳೆ. ಗಾಡ್ರಿಕ್ ಅನ್ನುವ ಅಧಿಕಾರಿ ತನ್ನ ಮಗಳಿಗೆ ಜರಿ ಕಸೂತಿ ಕಲಿಸಲಿ ಅಂತ ಅವಳಿಗೆ ಅರ್ಧ ಹೈಡ್ (ಹೈಡ್ ಅಂದರೆ ಆ ಕಾಲದ ಜಮೀನಿನ ಅಳತೆ) ಜಮೀನು ಬಿಟ್ಟುಕೊಟ್ಟಿದ್ದ. ಲಿಯೋಫ್‌ಗಿತ್ ಅಂತ ಇನ್ನೊಬ್ಬಳು, ರಾಜ ರಾಣಿಯರಿಗೆ ಜರಿ ಅಂಚು ಮಾಡಿಕೊಡುತ್ತಿದ್ದಳು, ಅವಳ ಹೆಸರಲ್ಲೂ ಜಮೀನಿದೆ. ಈ ಪಟವನ್ನು ಅವರೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕಸೂತಿ ಕಲಿಸುವವಳಿಗೆ ಸಂಬಳವಾಗಿ ಹೊಲ ಸಿಗುತ್ತಿದ್ದ ಕಾಲ ಅದು, ಅಷ್ಟನ್ನು ಹೇಳುತ್ತಿದ್ದೇನೆ. ಮತ್ತೆ ಪಟದಲ್ಲಿ 600ಕ್ಕೂ ಜಾಸ್ತಿ ಜನ ಇದ್ದಾರೆ, ನಡುವಿನ ಮುಖ್ಯ ಪಟ್ಟಿಯಲ್ಲಿ ಹೆಂಗಸರು ಮೂರೇ ಜನ. ಒಬ್ಬಳು ಸಾಯುತ್ತಿರುವ ಗಂಡನ ಕಾಲ ಹತ್ತಿರ ಕೂತ ರಾಣಿ. ಒಬ್ಬಳು ಸೈನಿಕರು ಬೆಂಕಿ ಇಟ್ಟ ಮನೆಯಿಂದ ಮಗುವಿನ ಕೈ ಹಿಡಿದು ಹೊರಬರುತ್ತಿರುವವಳು. ಮೂರನೆಯವಳು ಏಲ್ಫ್‌ಗಿವಾ, ಅವಳ ಕೆನ್ನೆಗೆ ಒಬ್ಬ ಪಾದ್ರಿ ಕೈ ಹಚ್ಚುತ್ತಿದ್ದಾನೆ. ಮೇಲೆ 'ಇಲ್ಲಿ ಒಬ್ಬ ಪಾದ್ರಿ ಮತ್ತು ಏಲ್ಫ್‌ಗಿವಾ' ಅಂತ ಬರೆದು ಕ್ರಿಯಾಪದವನ್ನೇ ಬಿಟ್ಟುಬಿಟ್ಟಿದ್ದಾರೆ! ಕೆಳಗಿನ ಅಂಚಿನಲ್ಲಿ ಬರಿಮೈಯ ಗಂಡಸು. ಆ ಕಾಲದವರಿಗೆ ಗೊತ್ತಿದ್ದ ಯಾವುದೋ ಗುಸುಗುಸು, 900 ವರ್ಷದ ಮೇಲೂ ಪಂಡಿತರ ತಲೆ ತಿನ್ನುತ್ತಿದೆ.

ಲೇಖನ ಓದದವರಿಗಾಗಿ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಕ್ಕಳಿಲ್ಲದ ಇಂಗ್ಲೆಂಡಿನ ರಾಜ ಎಡ್ವರ್ಡ್ 1066ರ ಜನವರಿ 5ಕ್ಕೆ ಸತ್ತ. ಅವನ ಬಾಮೈದ ಹೆರಾಲ್ಡ್ ಮರುದಿನವೇ ಕಿರೀಟ ಇಟ್ಟುಕೊಂಡ. ಸಿಂಹಾಸನ ನನಗೆ ಬರಬೇಕಿತ್ತು, ಹೆರಾಲ್ಡ್ ನನ್ನೆದುರಿಗೇ ಆಣೆ ಮಾಡಿದ್ದ ಅಂತ ನಾರ್ಮಂಡಿಯ ವಿಲಿಯಂ ಹಡಗು ಕಟ್ಟಿಸಿ ಸಮುದ್ರ ದಾಟಿ ಬಂದ. ಅಕ್ಟೋಬರ್ 14ಕ್ಕೆ ಹೇಸ್ಟಿಂಗ್ಸ್ ಹತ್ತಿರ ಯುದ್ಧ, ಹೆರಾಲ್ಡ್ ಸತ್ತ.

ಇದು ಗೆದ್ದವರ ಕಡೆಯ ಕಥೆ ಅಂತ ನೀವು ಹೇಳಬಹುದು, ನಿಜ. ಆದರೆ ಹೊಲಿಗೆ ಅಷ್ಟು ಸುಲಭವಾಗಿ ಗೆದ್ದವರ ಮಾತು ಕೇಳಿಲ್ಲ. ಡೂಮ್ಸ್‌ಡೇ ಕಡತ ಹೆರಾಲ್ಡನನ್ನು ಬರೀ 'ಅರ್ಲ್', ಅಂದರೆ ರಾಜನ ಕೈಕೆಳಗಿನ ಸರದಾರ, ಅನ್ನುತ್ತದೆ, ಅವನು ರಾಜನಾಗಿದ್ದನ್ನೇ ಅಳಿಸಿದ ಹಾಗೆ. ಪಟ ಅವನನ್ನು ಸಾಯುವ ಗಳಿಗೆಯಲ್ಲೂ 'ಹೆರಾಲ್ಡ್ ರೆಕ್ಸ್', ಹೆರಾಲ್ಡ್ ರಾಜ, ಅನ್ನುತ್ತದೆ. ಮೊದಲ ಭಾಗದಲ್ಲಿ ಅವನು ಉಸುಕಿನಲ್ಲಿ ಸಿಕ್ಕಿಕೊಂಡ ನಾರ್ಮನ್ ಸೈನಿಕರಿಬ್ಬರನ್ನು, ಒಬ್ಬನನ್ನು ಬೆನ್ನ ಮೇಲೆ ಹೊತ್ತು ಇನ್ನೊಬ್ಬನನ್ನು ಕೈಹಿಡಿದು ಎಳೆದು, ಕಾಪಾಡುತ್ತಾನೆ. ಶತ್ರುವನ್ನು ಹೀಗೆ ಯಾರು ತೋರಿಸುತ್ತಾರೆ?

ನಮ್ಮಲ್ಲೂ ಅದೇ ಹೊತ್ತಿನಲ್ಲಿ ಇಂಥದೇ ಒಂದು ಸಮರ್ಥನೆ ನಡೆದಿತ್ತು. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ಆರನೇ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ತಾನು ಕೂತ. ಅದಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಸಂಸ್ಕೃತದಲ್ಲಿ ಒಂದು ಕಾವ್ಯವನ್ನೇ ಕಟ್ಟಿದ. ತಮ್ಮನಿಗೆ ಆಸೆ ಇರಲಿಲ್ಲ, ಶಿವನೇ ಬಂದು ಹೇಳಿದ, ಹಾಗೆ ಹೀಗೆ. ಬಿಲ್ಹಣನಲ್ಲಿ ಶಿವನ ಅಪ್ಪಣೆ, ಪಟದಲ್ಲಿ ಹೆರಾಲ್ಡ್ ಸಂತರ ಮೂಳೆ ಮುಟ್ಟಿ ಮಾಡಿದ ಆಣೆ. ಪಟ ಓದುತ್ತಾ ನನಗೆ ಬಿಲ್ಹಣ ನೆನಪಾಗಿ ನಗು ಬಂತು. ಲಕ್ಕುಂಡಿಯ ಬಗ್ಗೆ ನಿಮ್ಮ ತಕರಾರು ಸರಿಯೇ, ಅತ್ತಿಮಬ್ಬೆ ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ, ಅದಕ್ಕೂ ಪುಟಗಳು ಸಲ್ಲಬೇಕು. ಆದರೆ ಅದಕ್ಕಾಗಿ ಇದನ್ನು ಬಿಡಬೇಕು ಅನ್ನುವುದನ್ನು ಮಾತ್ರ ಒಪ್ಪಲಾರೆ. 2025ರ ಜುಲೈನಲ್ಲಿ ಫ್ರಾನ್ಸ್ ಈ ಪಟವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಎರವಲು ಕೊಡುವುದಾಗಿ ಘೋಷಿಸಿತು, ಬಿಸಿಬಿಸಿ ಸುದ್ದಿ ಅಂತ ನಾವು ಲೇಖನ ಹಾಕಿದೆವು. ಅವಸರದಲ್ಲಿ ತಪ್ಪಾಯಿತು.

ಕಟ್ಟಡ ನೋಡುವ ಚಪಲ ಇರುವವರಿಗೂ ಪಟದಲ್ಲಿ ಬೇಕಾದಷ್ಟಿದೆ. ಎಡ್ವರ್ಡ್ ಕಟ್ಟಿಸಿದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬಿ ಚರ್ಚು ಇವತ್ತು ನಾವು ಟಿವಿಯಲ್ಲಿ ನೋಡುವ ಆಬಿ ಅಲ್ಲ. ಅದನ್ನು 1245ರಿಂದ ಕೆಡವಿ ಹೊಸದು ಕಟ್ಟಿದರು. ಹಳೆಯದು ಹೇಗಿತ್ತು ಅಂತ ಆ ಕಾಲದವರ ಕೈಯಲ್ಲೇ ಮೂಡಿದ ಚಿತ್ರ ಈ ಬಟ್ಟೆಯಲ್ಲಿದೆ. ಅರ್ಧ ಚಂದ್ರದ ಕಮಾನು, ನಡುವೆ ಗೋಪುರ, ಒಬ್ಬ ಆಳು ಹತ್ತಿಕೊಂಡು ಚಾವಣಿಗೆ ಗಾಳಿಕೋಳಿ ಕೂಡಿಸುತ್ತಿದ್ದಾನೆ. ಕಟ್ಟಡ ಅಷ್ಟು ಹೊಸದು ಅಂತ ಹೇಳುವ ಜಾಣತನ ಅದು. 1065ರ ಡಿಸೆಂಬರ್ 28ಕ್ಕೆ ಗೃಹಪ್ರವೇಶ, ಒಂಬತ್ತನೇ ದಿನಕ್ಕೆ ಕಟ್ಟಿಸಿದವನ ಹೆಣ ಒಳಗೆ. ಹೇಸ್ಟಿಂಗ್ಸ್‌ನಲ್ಲಿ ವಿಲಿಯಂ ಮಣ್ಣಿನ ದಿಬ್ಬ ಎಬ್ಬಿಸಿ ಮೇಲೆ ಮರದ ಕೋಟೆ ಕಟ್ಟಿಸುವ ಚಿತ್ರವೂ ಇದೆ. ಅಲ್ಲಿ ಇಬ್ಬರು ಕೂಲಿಯವರು ಮಣ್ಣು ಹೊರುವುದು ಬಿಟ್ಟು ಸಲಿಕೆ ಎತ್ತಿ ಒಬ್ಬರ ತಲೆಗೆ ಒಬ್ಬರು ಹೊಡೆಯುತ್ತಿದ್ದಾರೆ. ಓಡೋಗೆ ಅದು ಬೇಕಿರಲಿಲ್ಲ, ಕಥೆಗೂ ಬೇಕಿರಲಿಲ್ಲ. ಯಾರೋ ಸುಮ್ನೆ ಖುಷಿಗೆ ಹಾಕಿದ್ದು.

ಯುದ್ಧ ಶುರುವಾದ ಮೇಲೆ ಕೆಳಗಿನ ಅಂಚು ನೋಡಿ. ಅಲ್ಲಿವರೆಗೆ ಹಕ್ಕಿ, ಸಿಂಹ, ನರಿಕಾಗೆಯ ಕಥೆ ಇದ್ದ ಪಟ್ಟಿಯಲ್ಲಿ ಹೆಣಗಳು ಬಂದು ಬೀಳುತ್ತವೆ. ಕೊನೆಕೊನೆಗೆ ಸತ್ತವರ ಮೈಮೇಲಿನ ಕಬ್ಬಿಣದ ಉಂಗುರದ ಅಂಗಿಯನ್ನು ತಲೆ ಮೇಲಿಂದ ಎಳೆದು ಸುಲಿಯುತ್ತಿದ್ದಾರೆ. ನಮ್ಮ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ಅದರ ಮೇಲೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಲಿಂಗದ ಮುಂದೆ ವೀರ. ಬಾಯೋದ ಸೈನಿಕನನ್ನು ಎತ್ತಿಕೊಂಡು ಹೋಗಲು ಯಾರೂ ಬರುವುದಿಲ್ಲ.

ಈಗ, ಹೆರಾಲ್ಡ್ ಕಣ್ಣಿಗೆ ಬಾಣ ಬಿದ್ದು ಸತ್ತ ಅನ್ನುವ ಕಥೆ. ನೀವು ಪತ್ರದಲ್ಲಿ ಒಂದು ಸಾಲು ಬರೆದಿದ್ದೀರಿ, 'ದಾರ ಹೋದರೂ ಸೂಜಿ ತೂತು ಹೋಗುವುದಿಲ್ಲ' ಅಂತ. ಅಲ್ಲಿನ ದೊಡ್ಡ ಜಗಳ ನಿಂತಿರುವುದು ಅದರ ಮೇಲೇ. 'ಹೆರಾಲ್ಡ್ ರಾಜ ಹತನಾದ' ಅನ್ನುವ ಬರಹದ ಕೆಳಗೆ ಇಬ್ಬರಿದ್ದಾರೆ. ಒಬ್ಬ ಮುಖದ ಹತ್ತಿರ ಬಾಣ ಹಿಡಿದು ನಿಂತವನು, ಇನ್ನೊಬ್ಬ ಕುದುರೆ ಸವಾರನ ಕತ್ತಿಗೆ ತೊಡೆ ಕೊಟ್ಟು ಬೀಳುತ್ತಿರುವವನು. ರಾಜ ಯಾರು? ಸುಮಾರು 1729ರಲ್ಲಿ ಒಬ್ಬ ಚಿತ್ರಕಾರ ಪಟವನ್ನು ನಕಲು ಮಾಡಿದಾಗ ನಿಂತವನ ಕೈಯಲ್ಲಿದ್ದ ಕೋಲಿಗೆ ಗರಿ ಇರಲಿಲ್ಲ, ಎಸೆಯಲು ಎತ್ತಿದ ಭರ್ಚಿಯಂತೆ ಕಾಣುತ್ತಿತ್ತು. ಮುಂದಿನ ಶತಮಾನದ ನಕಲಿನಲ್ಲಿ ಗರಿ ಬಂದಿದೆ. ನಡುವೆ ಎಲ್ಲೋ ದುರಸ್ತಿ ಮಾಡಿದವರ ಸೂಜಿ ಆಡಿದೆ. ಇತ್ತ ಬೀಳುತ್ತಿರುವವನ ತಲೆ ಹತ್ತಿರ ಸಾಲಾಗಿ ಖಾಲಿ ತೂತುಗಳಿವೆ, ಅವನಿಗೂ ಒಂದು ಬಾಣ ಇತ್ತೋ ಏನೋ. ಶಾಲೆಯ ಪುಸ್ತಕಗಳಲ್ಲಿ ಓದುವ ಒಂದು ಸಾವು ಹೀಗೆ ನಾಲ್ಕಾರು ತೂತುಗಳ ಮೇಲೆ ತೂಗಾಡುತ್ತಿದೆ. ಪಂಡಿತರು ಮುಂಭಾಗ ನೋಡಿ ನೂರಾರು ವರ್ಷ ಬರೆದರು. 1982-83ರ ಚಳಿಗಾಲದಲ್ಲಿ ಹೊಸ ಮ್ಯೂಸಿಯಂಗೆ ಸಾಗಿಸುವ ಮುಂಚೆ ಪಟವನ್ನು ಮಗುಚಿ ಹಿಂಭಾಗವನ್ನು ಸರಿಯಾಗಿ ಪರೀಕ್ಷಿಸಿದರು. ನನ್ನ ದೊಡ್ಡಮ್ಮ ಇಳಕಲ್ ಸೀರೆಗೆ ಹಾಕಿದ ಕಸೂತಿ ಕೊಳ್ಳುವಾಗ ಮೊದಲು ಮಾಡುತ್ತಿದ್ದ ಕೆಲಸ ಅದು.

ಕೊನೆಗೆ ಹೊಲಿಗೆ. ನಮ್ಮ ಕಸೂತಿಯ ಗವಂತಿ, ಮುರಗಿ ಹೊಲಿಗೆಗಳಲ್ಲಿ ನೀವು ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಕಡೆ ಒಂದೇ ಥರ ಬರುವಂತೆ ಹಾಕುತ್ತೀರಿ. ಇದು ಪೂರಾ ಉಲ್ಟಾ. ಮೊದಲು ಆಕಾರ ತುಂಬುವ ಹಾಗೆ ಉಣ್ಣೆ ಎಳೆಗಳನ್ನು ಒತ್ತೊತ್ತಾಗಿ, ಒಂದೇ ದಿಕ್ಕಿಗೆ ಬಟ್ಟೆಯ ಮೇಲೆ ಮಲಗಿಸಬೇಕು. ಅಂಚಿಗೆ ಬಂದಾಗ ಸೂಜಿ ಕೆಳಗಿಳಿದು ಅಲ್ಲೇ ಪಕ್ಕದಲ್ಲಿ ಮೇಲೇಳಬೇಕು, ಹಿಂದಿನಿಂದ ವಾಪಸ್ ಹೋಗಬಾರದು. ಹಾಗಾಗಿ ದಾರ ಎಲ್ಲ ಮುಂದೆಯೇ, ಹಿಂದೆ ಚುಕ್ಕಿಗಳಷ್ಟೇ, ಉಣ್ಣೆ ಉಳಿತಾಯ. ಆಮೇಲೆ ಅದರ ಮೇಲೆ ಅಡ್ಡಡ್ಡ, ಕೆಲವು ಮಿಲಿಮೀಟರ್ ಬಿಟ್ಟು ಒಂದೊಂದು ಎಳೆ. ಆ ಅಡ್ಡ ಎಳೆಗಳನ್ನು ಸಣ್ಣ ಸಣ್ಣ ಹೊಲಿಗೆಯಿಂದ ಬಟ್ಟೆಗೆ ಬಿಗಿಯಬೇಕು. ಸುತ್ತಲಿನ ಗೆರೆಗೆ ಮತ್ತು ಅಕ್ಷರಕ್ಕೆ ನಿಮಗೆ ಗೊತ್ತೇ ಇರುವ ಸ್ಟೆಮ್ ಸ್ಟಿಚ್. ಮುಖ, ಕೈಗಳಿಗೆ ಗೆರೆ ಮಾತ್ರ, ಚರ್ಮದ ಜಾಗದಲ್ಲಿ ಬಟ್ಟೆ ಬರಿದಾಗಿಯೇ ಇರುತ್ತದೆ. ಬಣ್ಣ ಹತ್ತರಷ್ಟು ಕಾಣುತ್ತವೆ, ಬಂದಿರುವುದು ಮೂರೇ ಗಿಡಗಳಿಂದ. ಕೆಂಪು ಕೊಡುವುದು ನಮ್ಮ ಮಂಜಿಷ್ಠದ ದಾಯಾದಿ, ನೀಲಿ ಕೊಡುವುದು ಬೇರೆ ಗಿಡವಾದರೂ ಒಳಗಿನ ಬಣ್ಣ ನಮ್ಮ ನೀಲಿ ಗಿಡದ್ದೇ, ಹಳದಿಗೆ ವೆಲ್ಡ್ ಅನ್ನುವ ಗಿಡ. ಕುದುರೆ ನೀಲಿ ಯಾಕಿದೆ ಅಂತ ಕೇಳಬೇಡಿ. ಆಚೆ ಬದಿಯ ಕಾಲುಗಳಿಗೆ ಬೇರೆ ಬಣ್ಣ ಹಾಕಿದ್ದಾರೆ, ದೂರ ಹತ್ತಿರ ತೋರಿಸಲು, ಅದನ್ನು ಗಮನಿಸಿ.

ನೀವು ಮೊದಲಿಗರೂ ಅಲ್ಲ. 1885-86ರಲ್ಲಿ ಇಂಗ್ಲೆಂಡಿನ ಲೀಕ್ ಊರಿನಲ್ಲಿ ಎಲಿಜಬೆತ್ ವಾರ್ಡ್ಲ್ ಸುಮಾರು 35 ಹೆಂಗಸರನ್ನು ಕೂಡಿಸಿಕೊಂಡು ಪೂರ್ತಿ ಪಟದ ನಕಲನ್ನೇ ಹೊಲಿಸಿದಳು, ಈಗ ರೆಡಿಂಗ್ ಮ್ಯೂಸಿಯಂನಲ್ಲಿದೆ. ದಾರಕ್ಕೆ ಬಣ್ಣ ಹಾಕಿದ್ದು ಅವಳ ಗಂಡ ಥಾಮಸ್, ನಮ್ಮ ದೇಶದ ಟಸರ್ ರೇಷ್ಮೆಗೆ ಬಣ್ಣ ಹಿಡಿಸುವ ವಿದ್ಯೆಯಲ್ಲಿ ಪಳಗಿದವನು. ಅವರಿಗೆ ಸಿಕ್ಕ ಮಾದರಿ ಚಿತ್ರಗಳಲ್ಲಿ ಬರಿಮೈ ಗಂಡಸರ ಮಾನ ಯಾರೋ ಮೊದಲೇ ಮುಚ್ಚಿದ್ದರು. ಲೀಕ್‌ನ ಹೆಂಗಸರು ಅದನ್ನು ನಂಬಿ, ಅಂಚಿನ ಒಬ್ಬನಿಗೆ ಶ್ರದ್ಧೆಯಿಂದ ಚಡ್ಡಿ ಹೊಲಿದರು.

ನಮ್ಮ ಮುಂದಿನ ಸಂಚಿಕೆಯಲ್ಲಿ ಎರಡೂ ತಿದ್ದುಪಡಿ ಬರುತ್ತವೆ. ನೀವು ಒಂದು ಗೇಣಿನ ಬಟ್ಟೆಯಲ್ಲಿ ಆ ಹೊಲಿಗೆ ಹಾಕಿ ನೋಡಿ, ಕುದುರೆ ಬೇಡ ಅಂದರೆ ಸಲಿಕೆ ಜಗಳವನ್ನೇ ಹಾಕಿ. ಫೋಟೋ ಕಳಿಸಿ, ಛಾಪಿಸುತ್ತೇವೆ. ಹಿಂಭಾಗದ್ದೂ ಒಂದು ಇರಲಿ.