ರೇಡಿಯೊದಲ್ಲಿ ಕವಿ, ಕಾದಂಬರಿಕಾರರ ಜತೆ ಬರವಣಿಗೆ ಬಗ್ಗೆ ಮಾತಾಡುವಾಗ ಪ್ರಶ್ನೆಗಳನ್ನು ಮೊದಲೇ ಕಳಿಸಬೇಕಾ?

ಸಮುದಾಯ ರೇಡಿಯೊದಲ್ಲಿ ತಿಂಗಳಿಗೊಂದು ಅರ್ಧ ಗಂಟೆ ಸಿಕ್ಕಿದೆ, ಪ್ರಶ್ನೆಗಳನ್ನು ಮೊದಲೇ ಕಳಿಸಲಾ, ಒಳ್ಳೆಯ ಪ್ರಶ್ನೆಗಳ ಪಟ್ಟಿ ಇದ್ದರೆ ಕೊಡಿ, ಕೇಳುಗರಿಗೆ ಬೋರ್ ಆಗದ ಹಾಗೆ ಬರವಣಿಗೆ ವಿಷಯ ಕಡಿಮೆ ಮಾಡಿ ಜೀವನದ ಕತೆ ಜಾಸ್ತಿ ಕೇಳಲಾ ಅಂತ ಬರೆದಿದ್ದೀರಿ. ಕೊಡಗಿನಲ್ಲಿ ಇದೇ ಕೆಲಸ ಶುರು ಮಾಡಿದಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆಗಳಿದ್ದವು. ನಾನು ಪಟ್ಟಿ ಮಾಡಿದೆ. ಮೊದಲೇ ಕಳಿಸಿಯೂ ಕಳಿಸಿದೆ.

ಆಗ ನಾನು ವಿರಾಜಪೇಟೆ ಕಡೆ ಇದ್ದೆ. ಒಂದು ಬಾನುಲಿ ಕೇಂದ್ರಕ್ಕೆ ಹೊರಗಿನಿಂದ ಕಾರ್ಯಕ್ರಮ ಮಾಡಿಕೊಡುತ್ತಿದ್ದೆ. ನಮ್ಮ ಕಡೆಯ ಬರಹಗಾರರ ಜತೆ ಮಾತುಕತೆಯ ಸರಣಿ. ಮೊದಲ ಅತಿಥಿ ಒಬ್ಬ ಹಿರಿಯ ಕಾದಂಬರಿಕಾರರು. ಹೆಸರು ಬೇಡ. ಕಾವೇರಿ ಉಕ್ಕಿ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗುವ ಒಂದು ಅಧ್ಯಾಯ ಅವರ ಕಾದಂಬರಿಯಲ್ಲಿದೆ. ಭಾಗಮಂಡಲ, ಕರಡಿಗೋಡು ಕಡೆಯವರಿಗೆ ಅಂಥ ಮಳೆಗಾಲವನ್ನು ಯಾರೂ ವಿವರಿಸಬೇಕಿಲ್ಲ. ಆದರೂ ಆ ಅಧ್ಯಾಯ ಓದಿದವರು ಇವತ್ತಿಗೂ ಅದರ ಮಾತೆತ್ತುತ್ತಾರೆ.

ರೇಡಿಯೊ ಭಾಷಣಕ್ಕಾದರೆ ಸ್ಕ್ರಿಪ್ಟ್ ಮೊದಲೇ ಕೊಡುವ ರೂಢಿ ಇದೆ. ಸಂದರ್ಶನಕ್ಕೂ ಹಾಗೇ ಇರಬೇಕು ಅಂದುಕೊಂಡೆ. ವಯಸ್ಸಾದವರು, ಮೈಕ್ ಮುಂದೆ ತಡವರಿಸಬಾರದು ಅನ್ನುವ ಕಾಳಜಿಯೂ ಇತ್ತು. ಪ್ರಶ್ನೆಗಳಿಗೆ ನಂಬರ್ ಹಾಕಿ, ಟೈಪ್ ಮಾಡಿಸಿ, ಅಂಚೆಯಲ್ಲಿ ಕಳಿಸಿದೆ.

ಅವರು ಉತ್ತರಗಳನ್ನು ಬರೆದುಕೊಂಡೇ ಬಂದರು. ಗೆರೆ ಎಳೆದ ಉದ್ದನೆಯ ಹಾಳೆಗಳು, ನೀಲಿ ಇಂಕು, ಮೂಲೆಗೆ ಗುಂಡುಪಿನ್ನು. ಸ್ಟುಡಿಯೊ ಹೊರಗಿನ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವಾಗ ಅವರ ಮಾತು ಎಷ್ಟು ಸಲೀಸಾಗಿತ್ತು! ಕರಿಮೆಣಸಿನ ಬಳ್ಳಿಗೆ ಬಂದ ರೋಗ, ಬಸ್ಸಿನಲ್ಲಿ ಸಿಕ್ಕ ಹಳೇ ವಿದ್ಯಾರ್ಥಿ, ಎಲ್ಲಾ ಮಾತಾಡಿದರು. ಒಳಗೆ ಹೋಗಿ ಕೆಂಪು ದೀಪ ಹತ್ತಿದ್ದೇ ತಡ, ಹಾಳೆ ಎತ್ತಿಕೊಂಡರು. ಗಂಟಲು ಬೇರೆಯಾಯಿತು. ವಾಕ್ಯಗಳು ಉದ್ದವಾದವು. ಓದುವುದಕ್ಕೂ ಮಾತಾಡುವುದಕ್ಕೂ ಇರುವ ವ್ಯತ್ಯಾಸ ರೇಡಿಯೊದಲ್ಲಿ ಕ್ಷಣದಲ್ಲಿ ಗೊತ್ತಾಗುತ್ತದೆ. ಮಾತಾಡುವವರು ಯೋಚನೆ ಮುಗಿದ ಕಡೆ ಉಸಿರು ತಗೊಳ್ಳುತ್ತಾರೆ, ಓದುವವರು ಸಾಲು ಮುಗಿದ ಕಡೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಡುವೆ ಒಂದು ಕಡೆ ಅವರು ಹಾಳೆ ತಿರುವುವಾಗ ಪಿನ್ನು ಸಿಕ್ಕಿಹಾಕಿಕೊಂಡಿತು. ಸದ್ದು ಬರಬಾರದು ಅಂತ ಹಾಳೆ ಕೆಳಗಿಟ್ಟರು. ನನ್ನ ಮುಖ ನೋಡಿ, ತಮ್ಮ ಮಾಮೂಲಿ ದನಿಯಲ್ಲಿ, "ಈ ಪ್ರವಾಹದ ಅಧ್ಯಾಯ ಇದೆಯಲ್ಲ, ಇದು ಮೊದಲು ಪುಸ್ತಕದ ಕೊನೆಗಿತ್ತು. ಆಮೇಲೆ ಕಿತ್ತು ನಡುವಿಗೆ ಹಾಕಿದೆ. ಅದಾದ ಮೇಲೇ ಪುಸ್ತಕ ನೆಟ್ಟಗಾಗಿದ್ದು" ಅಂದರು.

ನಾನು ಅಂದದ್ದು, "ಬಹಳ ಸಂತೋಷ ಸರ್. ಮುಂದಿನ ಪ್ರಶ್ನೆ."

ಇದೇ ನನ್ನ ತಪ್ಪು. ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಮಾಡುವುದು ಇದನ್ನೇ. ಅವರು ಅಷ್ಟು ಹೊತ್ತಿನಲ್ಲಿ ಹೇಳಿದ ಬರವಣಿಗೆಯ ಮಾತು ಅದೊಂದೇ. ನೆರೆಯನ್ನು ಕೊನೆಗಿಟ್ಟರೆ ಎಲ್ಲವೂ ಮುಳುಗಿ ಕತೆ ಮುಗಿಯುತ್ತದೆ. ನಡುವಿಗಿಟ್ಟರೆ ನೀರು ಇಳಿದ ಮೇಲೂ ಅದೇ ಜನ ಅದೇ ಗೋಡೆಗಳ ನಡುವೆ ಬದುಕಬೇಕು, ಕತೆ ಅವರ ಜತೆ ನಡೆಯಬೇಕು. ಇಡೀ ಕಾದಂಬರಿ ನಿಂತಿರುವುದೇ ಆ ಒಂದು ಜಾಗ ಬದಲಾವಣೆ ಮೇಲೆ. "ಯಾಕೆ ಕಿತ್ತಿರಿ ಸರ್?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ಯಾಕೆಂದರೆ ನಾನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರು ಮಾತಾಡುವಾಗ ನನ್ನ ಕಣ್ಣು ಪಟ್ಟಿಯ ಮುಂದಿನ ಸಾಲಿನ ಮೇಲಿತ್ತು. ಗಡಿಯಾರ ನೋಡುತ್ತಿದ್ದೆ. ಉಳಿದ ಪ್ರಶ್ನೆ ಎಷ್ಟು, ಉಳಿದ ನಿಮಿಷ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದೆ. ನಾನು "ಮುಂದಿನ ಪ್ರಶ್ನೆ" ಅಂದ ಕೂಡಲೇ ಅವರು ಹಾಳೆ ಎತ್ತಿಕೊಂಡು ಮತ್ತೆ ಓದಲು ಶುರು ಮಾಡಿದರು. ಪ್ರಶ್ನೆ ಮೊದಲೇ ಕಳಿಸಿದ್ದರಿಂದ ಅವರ ಬಾಯಿ ಕಟ್ಟಿತು, ಪಟ್ಟಿ ಕೈಯಲ್ಲಿದ್ದುದರಿಂದ ನನ್ನ ಕಿವಿ ಕಟ್ಟಿತು.

ಪ್ರಸಾರವಾದ ಮೇಲೆ ಫೋನ್ ಮಾಡಿ, "ನಾನು ಹಾಗೆ ಮಾತಾಡುವವನಲ್ಲ ಅಲ್ವಾ?" ಅಂದರು. ಬೇಸರ ಇತ್ತು ದನಿಯಲ್ಲಿ. ಇನ್ನೊಮ್ಮೆ ಮಾಡೋಣ ಸರ್ ಅಂದೆ. ಮಳೆ ಕಳೆಯಲಿ ಅಂದರು. ಅಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತು, ಆಮೇಲೆ ತೀರಿಕೊಂಡರು. ಅವರ ದನಿಯಲ್ಲಿ ನನ್ನ ಹತ್ತಿರ ಇರುವುದು ಅವರು ಹಾಳೆ ನೋಡಿ ಓದಿದ ಆ ಅರ್ಧ ಗಂಟೆ ಮಾತ್ರ. ಅಧ್ಯಾಯ ಯಾಕೆ ನಡುವಿಗೆ ಬಂತು ಅಂತ ಮೇಲೆ ಬರೆದೆನಲ್ಲ, ಅದು ನನ್ನ ಊಹೆ. ಅವರ ಉತ್ತರ ಬೇರೆಯೇ ಇತ್ತೋ ಏನೋ.

ಹಾಗಾಗಿ ಪ್ರಶ್ನೆಗಳನ್ನು ಕಳಿಸಬೇಡಿ. ನನ್ನಿಂದ ಪಟ್ಟಿಯನ್ನೂ ಕೇಳಬೇಡಿ. "ನಿಮಗೆ ಪ್ರೇರಣೆ ಏನು", "ಯಾವಾಗಿನಿಂದ ಬರೆಯುತ್ತಿದ್ದೀರಿ", "ಇಂದಿನ ಯುವ ಬರಹಗಾರರಿಗೆ ನಿಮ್ಮ ಸಂದೇಶ" ಇವೆಲ್ಲ ಯಾರಿಗೆ ಬೇಕಾದರೂ ಕೇಳಬಹುದಾದ ಪ್ರಶ್ನೆಗಳು. ಯಾರಿಗೆ ಬೇಕಾದರೂ ಕೇಳಬಹುದಾದ ಪ್ರಶ್ನೆಗೆ ಯಾರು ಬೇಕಾದರೂ ಕೊಡಬಹುದಾದ ಉತ್ತರವೇ ಬರುತ್ತದೆ. ಅತಿಥಿಗೆ ಮೊದಲೇ ತಿಳಿಸಬೇಕಾದ್ದು ಒಂದೇ: ಯಾವ ಪುಸ್ತಕದ ಯಾವ ಪುಟದ ಬಗ್ಗೆ ಮಾತು ಅಂತ. ಜತೆಗೆ, ಆ ಪುಟದ ಹಳೆಯ ಕರಡು ಇದ್ದರೆ, ಗೀಚಿ ಹೊಡೆದುಹಾಕಿದ ಹಾಳೆ ಇದ್ದರೆ, ದಯವಿಟ್ಟು ತನ್ನಿ ಅನ್ನಿ.

ಈ ಗೀಚಿದ ಹಾಳೆಯ ಉಪಾಯ ನನಗೆ ಹೊಳೆದದ್ದು ಸೋಮವಾರಪೇಟೆ ಕಡೆಯ ಒಬ್ಬ ಕವಯಿತ್ರಿಯಿಂದ. ಅವರು ಶಾಲೆಯಲ್ಲಿ ಮೇಡಂ. ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಕವಿತೆ ಬರೆಯುತ್ತಿದ್ದರು. ರೆಕಾರ್ಡಿಂಗಿಗೆ ಆ ಪುಸ್ತಕವನ್ನೇ ಚೀಲದಲ್ಲಿ ತಂದಿದ್ದರು. ಒಂದು ಪುಟದಲ್ಲಿ "ಅಮ್ಮ ಅಳುತ್ತಾ ಅಕ್ಕಿ ಆರಿಸುತ್ತಿದ್ದಳು" ಅಂತ ಇತ್ತು, ಅದರ ಮೇಲೆ ಅಡ್ಡಗೆರೆ. ಅಚ್ಚಾದ ಕವಿತೆಯಲ್ಲಿ ಹೀಗಿದೆ: "ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕಲ್ಲೇ ಇರಲಿಲ್ಲ."

ಎರಡನ್ನೂ ಓದಿ ಮೇಡಂ ಅಂದೆ. ಓದಿದರು. "ಅಳು ಎಲ್ಲಿ ಹೋಯ್ತು?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಬಾಯಿ ಬಿಡಲಿಲ್ಲ. ಆಮೇಲೆ, "ಅಳುತ್ತಾ ಅಂತ ನಾನೇ ಹೇಳಿಬಿಟ್ಟರೆ ಓದುವವರು ಅಮ್ಮನ ಮುಖ ನೋಡಲ್ಲ. ಕಲ್ಲಿಲ್ಲದ ಅಕ್ಕಿಯನ್ನ ಯಾಕೆ ಆರಿಸ್ತಾ ಇದ್ದಾಳೆ ಅಂತ ಅನ್ನಿಸಿದಾಗ ಅವರೇ ತಲೆ ಎತ್ತಿ ನೋಡ್ತಾರೆ" ಅಂದರು. ಮುಂದಿನ ಮಾತೆಲ್ಲ ಅಲ್ಲಿಂದಲೇ ಹೊರಟಿತು. ಯಾವ ಪಟ್ಟಿಯೂ ಬೇಕಾಗಲಿಲ್ಲ. ಆ ಮಾತುಕತೆ ಪ್ರಸಾರವಾದ ಮೇಲೆ ಊರಲ್ಲಿ ಪರಿಚಯದ ಹೆಂಗಸರು ಸಿಕ್ಕಾಗಲೆಲ್ಲ ಕೇಳಿದ್ದು ಆ ಅಕ್ಕಿಯ ವಿಷಯವನ್ನೇ.

ಈಗ ನಿಮ್ಮ ಇನ್ನೊಂದು ಮಾತಿಗೆ ಬರುತ್ತೇನೆ. ಬರವಣಿಗೆಯ ವಿಷಯ ಕೇಳುಗರಿಗೆ ಬೋರ್ ಆಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಇದನ್ನು ನಾನು ಒಪ್ಪುವುದೇ ಇಲ್ಲ. ನಿಮ್ಮ ಕೇಳುಗರು ಯಾರು? ಸಮುದಾಯ ರೇಡಿಯೊದ ದನಿ ಹೋಗುವುದೇ ಹತ್ತು ಹದಿನೈದು ಕಿಲೋಮೀಟರ್. ಗುಡ್ಡ ಅಡ್ಡ ಬಂದರೆ ಅಷ್ಟೂ ಇಲ್ಲ. ಅಂದರೆ ಕೇಳುವವರು ನಿಮ್ಮ ಸುತ್ತಲಿನವರೇ, ಕಾಫಿ ಕಣದಲ್ಲಿ, ತೋಟದ ಕೆಲಸದವರ ಲೈನ್ ಮನೆಯಲ್ಲಿ, ಅಂಗಡಿಯಲ್ಲಿ ಇರುವವರು. ಅವರೆಲ್ಲ ಕೈಕೆಲಸ ಬಲ್ಲವರು. ಮರಗಸಿಗೆ, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರಲು, ಮರ ಹತ್ತಿದವನಿಗೆ ಯಾವ ಕೊಂಬೆ ಕಡಿದರೆ ಗಿಡಕ್ಕೆ ಬೆಳಕು ಬೀಳುತ್ತದೆ, ಯಾವುದು ಕಡಿದರೆ ಗಿಡ ಸುಟ್ಟುಹೋಗುತ್ತದೆ ಅಂತ ಗೊತ್ತು. ಒಂದು ಸಾಲನ್ನು ಯಾಕೆ ತೆಗೆದೆ, ಯಾವುದನ್ನು ಯಾಕೆ ಉಳಿಸಿದೆ ಅಂತ ಕವಿ ಹೇಳಿದರೆ ಅವನಿಗೆ ಅರ್ಥವಾಗದೇ ಇರುತ್ತದಾ? ಅರ್ಥವಾಗದೇ ಇರುವುದು "ಕಾವ್ಯದ ಆಶಯ", "ಸಮಕಾಲೀನ ಸಂವೇದನೆ" ಅನ್ನುವಂಥ ಮಾತುಗಳು. ಅವನ್ನು ಬಿಡಿ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನೋಡಿದೆ. ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮ ಪಾಲು ಅನ್ನುವ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ನಾನು ನಮ್ಮ ಪಕ್ಕದ ದಿನಸಿ ಅಂಗಡಿಯವರಿಗೆ ಬೇರೆ ವಿಷಯ ಹೇಳಿದೆ. ಕನ್ನಡ, ಉರ್ದು, ಅರೇಬಿಕ್ ಪದಗಳು ಇಂಗ್ಲಿಷ್ ಪುಟದಲ್ಲಿ ಬಂದಾಗ ಅವನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕಿ ಬೇರೆ ಮಾಡಿ ತೋರಿಸುವುದು ಬೇಡ ಅಂತ ದೀಪಾ ತೀರ್ಮಾನ ಮಾಡಿದ್ದರು, ಕೆಳಗೆ ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. "ಸರಿಯಾಗೇ ಮಾಡಿದ್ದಾರೆ. ನಮ್ಮ ಮಾತು ನಮ್ಮ ಕತೆಯಲ್ಲೇ ನೆಂಟರ ಥರ ಯಾಕೆ ನಿಲ್ಲಬೇಕು?" ಅಂದರು ಅವರು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಗಿರಾಕಿ ಬಂದರೆ ಕೊಡವ ತಕ್ಕ್ ಆಡುವ ಮನುಷ್ಯ. ಯಾವ ವಿಮರ್ಶಕರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕೊಡಗಿನ ಬರಹಗಾರರನ್ನು ಕೂರಿಸಿಕೊಂಡರೆ, ಒಂದು ಭಾಷೆಯ ಮಾತನ್ನು ಇನ್ನೊಂದರಲ್ಲಿ ಹೇಗೆ ಬರೆಯುವುದು ಅನ್ನುವ ಈ ವಿಷಯದಲ್ಲಿ ಕೇಳಲು ಬೇಕಾದಷ್ಟಿದೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುತ್ತಾ ಕನ್ನಡದಲ್ಲಿ ಕಾದಂಬರಿ ಬರೆಯುವವರು, ಅಜ್ಜಿ ಮೊಮ್ಮಗನನ್ನು ಬೈಯುವ ಮಾತನ್ನು ಯಾವ ಕನ್ನಡದಲ್ಲಿ ಬರೆಯುತ್ತಾರೆ? ಅಂಥ ಒಂದು ಸಂಭಾಷಣೆ ಆರಿಸಿ ಓದಿಸಿ, ಅಜ್ಜಿ ನಿಜವಾಗಿ ಏನು ಅಂದಿರುತ್ತಾಳೆ ಅಂತ ಕೇಳಿ. ಕವಿಗಳಿಗಾದರೆ ಲಯದ ವಿಷಯ. ಕೊಡವ ಪಾಟ್‌ನಲ್ಲಿ ನಾಲ್ಕು ಜನ ದುಡಿ ಹಿಡಿದು ಹಾಡುವಾಗ ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಮತ್ತೆ ಹೇಳುತ್ತಾರೆ. ಅದನ್ನು ಕೇಳಿ ಬೆಳೆದವರ ಕವಿತೆಯಲ್ಲಿ ಸಾಲು ಎಲ್ಲಿ ಮುರಿಯುತ್ತದೆ, ಯಾಕೆ ಅಲ್ಲೇ ಮುರಿಯುತ್ತದೆ? ರೇಡಿಯೊ ಕೇಳುವವರಿಗೆ ಪುಟದ ಮೇಲಿನ ಸಾಲು ಕಾಣುವುದಿಲ್ಲ. ಅದಕ್ಕೇ ಕವಿತೆಯನ್ನು ಎರಡು ಸಲ ಓದಿಸಿ. ಶುರುವಿಗೊಮ್ಮೆ, ಮಾತೆಲ್ಲ ಆದ ಮೇಲೊಮ್ಮೆ.

ಎಲ್ಲಾ ಪುಸ್ತಕ ಓದಿರಬೇಕಾ ಅನ್ನುವ ಭಯ ನಿಮಗೆ ಮುಂದೆ ಬರುತ್ತದೆ. ಅಮೆರಿಕದ ಸಾಂಟಾ ಮೋನಿಕಾದ ಕೆ.ಸಿ.ಆರ್.ಡಬ್ಲ್ಯೂ. ರೇಡಿಯೊದಲ್ಲಿ ಮೈಕೆಲ್ ಸಿಲ್ವರ್‌ಬ್ಲಾಟ್ 1989ರಿಂದ 2022ರವರೆಗೆ ವಾರವಾರವೂ ಅರ್ಧ ಗಂಟೆ ಲೇಖಕರ ಜತೆ ಮಾತಾಡಿದರು. ಎದುರಿಗೆ ಕೂತವರು ಬರೆದದ್ದನ್ನೆಲ್ಲ ಓದಿಕೊಂಡು ಬರುವುದಕ್ಕೆ ಅವರು ಹೆಸರಾದವರು. ಅದು ಅವರ ಇಡೀ ಬದುಕಿನ ಕೆಲಸ. ಬಿಬಿಸಿ ರೇಡಿಯೊ 4ರಲ್ಲಿ ಜೇಮ್ಸ್ ನಾಕ್ಟಿ 1998ರಲ್ಲಿ ಶುರು ಮಾಡಿದ ಕಾರ್ಯಕ್ರಮದ ದಾರಿ ಬೇರೆ. ಅಲ್ಲಿ ಲೇಖಕರು, ಅವರ ಒಂದೇ ಪುಸ್ತಕ, ಅದನ್ನು ಓದಿ ಬಂದ ಸಾಮಾನ್ಯ ಓದುಗರು. ತಿಂಗಳಿಗೊಂದು ಕಾರ್ಯಕ್ರಮ ಮಾಡುವ ನಿಮಗೆ ಈ ಎರಡನೆಯದು ಹೊಂದುತ್ತದೆ. ಒಂದೇ ಪುಸ್ತಕವನ್ನು ಎರಡು ಸಲ ಓದಿ, ಒಂದು ಸಲವಾದರೂ ಗಟ್ಟಿಯಾಗಿ. ನಾಲಿಗೆ ತೊಡರಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ. ನಿಮ್ಮ ಪ್ರಶ್ನೆಗಳು ಅಲ್ಲೇ ಸಿಗುತ್ತವೆ.

ಜೀವನದ ಕತೆ ಬೇಡವೇ ಬೇಡ ಅನ್ನುತ್ತಿಲ್ಲ. ಆದರೆ ಅದು ಬರಹಕ್ಕಿಂತ ಮುಂದೆ ಹೋದರೆ ಏನಾಗುತ್ತದೆ ನೋಡಿ. ಕತೆಗಾರ್ತಿ ಕೊಡಗಿನ ಗೌರಮ್ಮ 1912ರಲ್ಲಿ ಹುಟ್ಟಿ 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಗಾಂಧೀಜಿ ಬಂದಾಗ ಒಡವೆ ಬಿಚ್ಚಿಕೊಟ್ಟದ್ದು, ಈಜಲು ಹೋಗಿ ಸತ್ತದ್ದು, ಇಷ್ಟು ನಮ್ಮ ಕಡೆ ಸುಮಾರು ಜನಕ್ಕೆ ಗೊತ್ತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ಗಟ್ಟಿ ಕತೆಗಳನ್ನು ಆ ಹೆಣ್ಣುಮಗಳು ಹೇಗೆ ಕಟ್ಟಿದಳು ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಅದು ನೋವಿನ ವಿಷಯ. ಈಗ ನಮ್ಮ ನಡುವೆ ಇರುವವರಿಗಾದರೂ ಹಾಗಾಗಬಾರದು.

ಇನ್ನು ಸಣ್ಣಪುಟ್ಟದ್ದು. ಮಳೆಗಾಲದಲ್ಲಿ ಅತಿಥಿಯ ಮನೆಗೆ ಹೋಗಿ ರೆಕಾರ್ಡ್ ಮಾಡಬೇಡಿ, ಶೀಟಿನ ಮೇಲೆ ಬೀಳುವ ಮಳೆ ಎಲ್ಲಾ ಮಾತನ್ನೂ ನುಂಗುತ್ತದೆ. ಸಂಜೆ ಹೊತ್ತು ಜೀರುಂಡೆ ಇನ್ನೂ ಕಷ್ಟ. ಒಂದೇ ಸಮ ಕೂಗುವುದರಿಂದ ನೀವು ಕತ್ತರಿಸಿದ ಕಡೆಯೆಲ್ಲ ಸದ್ದು ಹಾರಿದ್ದು ಗೊತ್ತಾಗುತ್ತದೆ. ಮೈಕು ಬಾಯಿಗೆ ಒಂದು ಗೇಣು ದೂರ ಇರಲಿ. ಹಾಳೆಗಳ ಪಿನ್ನು ತೆಗೆದು, ಬಿಡಿಬಿಡಿಯಾಗಿ ಬಟ್ಟೆಯ ಮೇಲೆ ಹರಡಿ. ಅತಿಥಿ ಮಾತು ನಿಲ್ಲಿಸಿದರೆ ಕೂಡಲೇ ತುಂಬಲು ಹೋಗಬೇಡಿ, ಜಾಸ್ತಿಯಾದ ಮೌನವನ್ನು ಎಡಿಟ್ ಮಾಡುವಾಗ ಕತ್ತರಿಸಬಹುದು. ಮತ್ತೆ, ಪ್ರಸಾರಕ್ಕೆ ಅಂತ ಕತ್ತರಿಸಿದ್ದು ಬೇರೆ, ಪೂರ್ತಿ ರೆಕಾರ್ಡಿಂಗ್ ಬೇರೆ. ಪೂರ್ತಿಯದನ್ನು ಅಳಿಸಬೇಡಿ. ಎರಡು ಕಡೆ ಇಟ್ಟು, ಹೆಸರು, ತಾರೀಕು, ಯಾವ ಪುಸ್ತಕದ ಯಾವ ಪುಟದ ಮಾತು ಅಂತ ಬರೆದಿಡಿ. ಒಂದು ಪ್ರತಿಯನ್ನು ಲೇಖಕರ ಮನೆಯವರಿಗೆ ಕೊಡಿ.