ತೂಕ ಇಳಿಯದಿದ್ದರೆ ವಾಕಿಂಗ್ ದಂಡವೇ?

ಮೂರು ತಿಂಗಳಿಂದ ದಿನಾ 45 ನಿಮಿಷ ನಡೆದರೂ ತೂಕದ ಮುಳ್ಳು ಅಲ್ಲಾಡಿಲ್ಲ, ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಬರೀ ನಡಿಗೆಯಿಂದ ತೂಕ ಹೆಚ್ಚು ಇಳಿಯೋದಿಲ್ಲ ಅನ್ನೋದು ನಿಜವೇ. ಅಷ್ಟು ನಡೆದು ಕರಗಿಸಿದ್ದನ್ನು ಒಂದು ಮಸಾಲೆ ದೋಸೆ ವಾಪಸ್ ತುಂಬಿಕೊಡುತ್ತದೆ (ಬೆಣ್ಣೆ ಹಾಕಿದ್ದಾದರೆ ಬಡ್ಡಿ ಸಮೇತ). ಜೊತೆಗೆ, ಹೆಚ್ಚು ಓಡಾಡಿದ ಮಾತ್ರಕ್ಕೆ ದಿನದ ಒಟ್ಟು ಖರ್ಚು ಏರಲೇಬೇಕೆಂದೇನಿಲ್ಲ: ಟಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನವಿಡೀ ಓಡಾಡಿದರೂ, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ, ಅಮೆರಿಕದ ನಗರವಾಸಿಗಳಷ್ಟೇ ಕ್ಯಾಲೊರಿ ಖರ್ಚು ಮಾಡುತ್ತಾರೆಂದು ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ತಂಡ 2012ರಲ್ಲಿ ತೋರಿಸಿತು.

ಆದರೆ ಲಾಭವನ್ನು ತಕ್ಕಡಿಯಲ್ಲೇ ಯಾಕೆ ಅಳೀಬೇಕು? ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರಿ ಮಾರಿಸ್ 1953ರಲ್ಲಿ ಪ್ರಕಟಿಸಿದ ಲಂಡನ್ ಬಸ್ ಅಧ್ಯಯನ ನನಗೆ ಬಹಳ ಇಷ್ಟ. ಡಬಲ್ ಡೆಕರ್‌ನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ, ಕೂತೇ ಇರುವ ಡ್ರೈವರ್‌ಗಳಿಗಿಂತ ಹೃದಯಾಘಾತ ಕಡಿಮೆ. ಡ್ರೈವರ್‌ಗಳ ಹೊಟ್ಟೆ ದಪ್ಪ, ಅದಕ್ಕೇ ಇರಬೇಕು ಅಂತೀರಾ? ಮಾರಿಸ್ ಆಮೇಲೆ ಅವರ ಯೂನಿಫಾರ್ಮ್ ಪ್ಯಾಂಟಿನ ಸೊಂಟದಳತೆಯ ದಾಖಲೆಯನ್ನೂ ತರಿಸಿ ನೋಡಿದ. ತೆಳ್ಳಗಿದ್ದ ಡ್ರೈವರ್‌ಗಳಿಗೂ ಅಪಾಯ ಹೆಚ್ಚೇ ಇತ್ತು!

ತೂಕ ಇಳಿಸಲೇಬೇಕಿದ್ದರೆ ತಟ್ಟೆಯ ಕಡೆ ನೋಡಿ, ಅನ್ನದ ಎರಡನೇ ಸುತ್ತಿನಿಂದ ಶುರು ಮಾಡಿ. ನಡಿಗೆಯಿಂದ ಏನಾಗಿದೆ ಅಂತ ತಿಳಿಯಬೇಕಾದರೆ ಬಿಪಿ, ಶುಗರ್ ಚೆಕ್ ಮಾಡಿಸಿ. ಹಳೇ ರಿಪೋರ್ಟ್ ಇದೆಯಾ?